ಏಳನೆಯ ಕುಳಿ

ಅಣ್ಣನ ತಿಥಿ ಮುಗಿದ ಮಾರನೆಯ ದಿನ ನಾನು ಮತ್ತೆ ಬಾವಿಗೆ ಹೋದೆ. ಹೋಗುವ ಮನಸ್ಸಿರಲಿಲ್ಲ. ಆದರೆ ಬಾವಿ ತೋಡುವ ನಮ್ಮಂಥವರಲ್ಲಿ ಒಂದು ಕಟ್ಟಳೆ ಇತ್ತು. ಒಬ್ಬರು ಸಿಡಿಮದ್ದು ಹಾಕಿದ ಬಾವಿಗೆ ಇನ್ನೊಬ್ಬರು ಜಾಕಾಮರ್ ಇಳಿಸುವುದಿಲ್ಲ. ಬಂಡೆಯೊಳಗೆ ಏನು ಉಳಿದಿದೆ ಎಂಬುದು ಕುಳಿ ಹೊಡೆದು ಬತ್ತಿ ಹಚ್ಚಿದವರಿಗೆ ಮಾತ್ರ ಗೊತ್ತು. ಆ ಬಾವಿಯಲ್ಲಿ ಕೊನೆಯ ಸಲ ಬತ್ತಿ ಹಚ್ಚಿದವನು ನನ್ನ ಅಣ್ಣ. ಅವನಿಲ್ಲದ ಮೇಲೆ ನಾನೇ ಹೋಗಬೇಕಾಗಿತ್ತು. ಬೇರೆ ಯಾರನ್ನು ಕರೆದರೂ ಬರುತ್ತಿರಲಿಲ್ಲ. ತೋಟದ ಯಜಮಾನರು ಕರೆದೂ ನೋಡಿದ್ದರಂತೆ.

ಬಾವಿ ಅಕ್ಕೂರಿನ ಆಚೆ, ಹಿಪ್ಪುನೇರಳೆ ತೋಟವೊಂದರ ನಡುವೆ ಇತ್ತು. ಮೇಲಿನ ಮಣ್ಣಿನ ಭಾಗವನ್ನು ಯಜಮಾನರ ತಂದೆ ತೋಡಿಸಿದ್ದರು. ಕೆಳಗೆ ಬಂಡೆ ಸಿಕ್ಕಿದ ಕಡೆ ಅವರ ಕೆಲಸ ನಿಂತಿತ್ತು. ಆ ಬಂಡೆಯನ್ನು ಒಡೆದು ಬಾವಿ ಇಳಿಸಲು ನಮ್ಮನ್ನು ಕರೆದಿದ್ದರು. ಬೋರ್‌ವೆಲ್ ಲಾರಿಗಳು ನಮ್ಮ ಕಡೆ ಇನ್ನೂ ಅಪರೂಪವಾಗಿದ್ದ ಕಾಲ ಅದು. ತೋಟದ ಅಂಚಿನಲ್ಲಿ ಬೋಳು ಬಂಡೆಯ ಗುಡ್ಡವೊಂದು ಗೋಡೆಯ ಹಾಗೆ ನಿಂತಿತ್ತು. ನಮ್ಮ ಸೀಮೆಯಲ್ಲಿ ಅಂಥ ಗುಡ್ಡ ಇಲ್ಲದ ಊರೇ ಇಲ್ಲವಾದ್ದರಿಂದ ನಾವು ಯಾರೂ ಅದನ್ನು ತಿರುಗಿ ನೋಡಿರಲಿಲ್ಲ.

ಜಾಕಾಮರ್ ಎಂದರೆ ಗಾಳಿಯ ಬಲದಿಂದ ಕಲ್ಲು ಕೊರೆಯುವ ಯಂತ್ರ. ಟ್ರ್ಯಾಕ್ಟರಿನ ಹಿಂದೆ ಕೂರಿಸಿದ ಕಂಪ್ರೆಸರಿನಿಂದ ದಪ್ಪ ರಬ್ಬರ್ ಪೈಪಿನಲ್ಲಿ ಗಾಳಿ ಬರುತ್ತದೆ. ಯಂತ್ರದ ಕೆಳಗೆ ಉಕ್ಕಿನ ರಾಡು. ದೂರದಿಂದ ನೋಡಿದವರಿಗೆ ಅದು ಬರೀ ಗುದ್ದುವಂತೆ ಕಾಣುತ್ತದೆ. ನಿಜವಾಗಿ ಅದು ಒಂದು ಪೆಟ್ಟು ಕೊಟ್ಟು, ಒಸಿ ತಿರುಗಿ, ಇನ್ನೊಂದು ಪೆಟ್ಟು ಕೊಡುತ್ತದೆ. ಆ ತಿರುವು ಇಲ್ಲದಿದ್ದರೆ ರಾಡು ಬಂಡೆಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತದೆ. ಪುಸ್ತಕದಲ್ಲಿ ಜಾಕ್ ಹ್ಯಾಮರ್ ಎಂದಿರುತ್ತದೆ. ಹ್ಯಾಮರ್ ಎಂದರೆ ಸುತ್ತಿಗೆ ಎಂದು ಹೈಸ್ಕೂಲು ಓದಿದ್ದ ನನಗೆ ತಿಳಿದಿತ್ತು. ಜಾಕ್ ಯಾರು ಎಂದು ತಿಳಿದಿರಲಿಲ್ಲ. ಒಮ್ಮೆ ಅಣ್ಣನನ್ನು ಕೇಳಿದ್ದೆ.

"ನಮ್ಮಂಗೇ ಬಾವಿ ತೋಡೋನು ಯಾವನೋ ಇರ್ಬೇಕು ಕಣ್ಲಾ," ಎಂದಿದ್ದ. "ತೋಡಿ ತೋಡಿ ಬೇಜಾರಾಗಿ, ಸುತ್ತಿಗೆ ನಮ್ ಕೈಗೆ ಕೊಟ್ಟು ಓಡೋಗವ್ನೆ."

ಊರೂರಿನಲ್ಲಿ ನಮಗೂ ಅದೇ ಹೆಸರಾಗಿತ್ತು. ಜಾಕಾಮರ್‌ನೋರು ಬಂದರು, ಜಾಕಾಮರ್‌ನೋರಿಗೆ ನೀರು ಕೊಡಿ. ಅಣ್ಣನ ಮಣ್ಣಿಗೆ ಬಂದವರಲ್ಲಿ ಎಷ್ಟೋ ಜನಕ್ಕೆ ಅವನ ಸ್ವಂತ ಹೆಸರು ಗೊತ್ತಿರಲಿಲ್ಲ.

ದಿನದ ಕೆಲಸದಲ್ಲಿ ಒಂದು ಕ್ರಮವಿತ್ತು. ಬೆಳಗಿನಿಂದ ಬಾವಿಯ ತಳದಲ್ಲಿ ಕುಳಿ ಹೊಡೆಯುವುದು. ಸಂಜೆ ಕುಳಿಗಳಿಗೆ ಮದ್ದು ತುಂಬಿ, ಬಾಯಿಗೆ ಹುತ್ತದ ಮಣ್ಣು ಗಿಡಿದು, ಬತ್ತಿ ಹಚ್ಚಿ ಮೇಲೆ ಹತ್ತುವುದು. ಬತ್ತಿಗಳ ಉದ್ದ ಬೇರೆ ಬೇರೆ ಇರುವುದರಿಂದ ಒಂದರ ಹಿಂದೆ ಒಂದು ಸಿಡಿಯುತ್ತವೆ. ಹಚ್ಚಿದವನು ಮರೆಯಲ್ಲಿ ನಿಂತು ಸದ್ದನ್ನು ಎಣಿಸಬೇಕು. ಎಷ್ಟು ಕುಳಿಯೋ ಅಷ್ಟು ಸದ್ದು ಬಂದರೆ ಸರಿ. ಬೆಳಗಿನ ಹೊತ್ತಿಗೆ ಹೊಗೆ ಹೋಗಿರುತ್ತದೆ, ಹಾರೆ ಹಾಕಿ ಕಲ್ಲು ಎಬ್ಬಿಸಿ ತೊಟ್ಟಿಗೆ ತುಂಬಿ ಮೇಲಕ್ಕೆ ಎಳೆಸಿ ಮತ್ತೆ ಜಾಕಾಮರ್ ಇಳಿಸುವುದು. ಸದ್ದು ಕಡಿಮೆಯಾದರೆ ಮಾತ್ರ ಹಾರೆ ಮುಟ್ಟುವಂತಿಲ್ಲ. ಸಿಡಿಯದೆ ಉಳಿದ ಕುಳಿ ಎಲ್ಲಿದೆ ಎಂದು ಬರಿಗೈಯಲ್ಲಿ ಹುಡುಕಬೇಕು. ಅಂಥ ಕುಳಿಯ ಮೇಲೆ ರಾಡು ಇಟ್ಟು ಹೋದವರ ಕಥೆಗಳು ಮಾಗಡಿ ಕಡೆಯಲ್ಲೂ ಕನಕಪುರದ ಕಡೆಯಲ್ಲೂ ಬೇಕಾದಷ್ಟಿದ್ದವು.

ಆ ದಿನ ನಾವು ಹಾಕಿಕೊಂಡಿದ್ದು ಏಳು ಕುಳಿ. ನಾಲ್ಕನ್ನು ನಾನು ಹೊಡೆದೆ, ಅಣ್ಣ ರಾಡು ಹಿಡಿದುಕೊಟ್ಟ. ಆ ಹೊತ್ತಿಗೆ ಹೆಚ್ಚಿನ ರಾಡುಗಳು ಮೊಂಡಾಗಿದ್ದವು. ಅವುಗಳನ್ನು ಸಾಣೆ ಹಿಡಿಸಲು ನಾನು ರಾಮನಗರಕ್ಕೆ ಹೊರಟೆ. ಉಳಿದ ಮೂರನ್ನು ಅಣ್ಣ ಹೊಡೆದ. ತೊಟ್ಟಿಗೆ ಕಲ್ಲು ತುಂಬುವ ನಮ್ಮ ಜೊತೆಗಾರ ರಾಡು ಹಿಡಿದುಕೊಟ್ಟ. ಸಂಜೆ ಅಣ್ಣನೇ ಬತ್ತಿ ಹಚ್ಚಿ, ಸದ್ದು ಎಣಿಸಿ, ಸೈಕಲ್ ತುಳಿದುಕೊಂಡು ಮನೆಗೆ ಬಂದ. "ಏಳೂ ಹೊಡುದ್ವು. ನಾಳೆ ಕಲ್ಲು ಎತ್ತೋದು," ಎಂದು ಅತ್ತಿಗೆಗೆ ಹೇಳಿದ. ಉಣ್ಣಲು ಕರೆದಾಗ ಎದೆ ಹಿಡಿದಂಗೆ ಆಯ್ತದೆ ಎಂದು ಗೋಡೆಯ ಕಡೆ ತಿರುಗಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ.

ಮತ್ತೆ ಹೋದ ದಿನ ಬಾವಿಯ ದಡದಲ್ಲಿ ಮೂವರು ಕಾಯುತ್ತಿದ್ದರು. ತೋಟದ ಯಜಮಾನರು, ನಮ್ಮ ಜೊತೆಗಾರ, ಮತ್ತು ಕಂಪ್ರೆಸರಿನ ಮಾಲೀಕರಾದ ರಾಮನಗರದ ಸಾಹೇಬರು. ಸಾಹೇಬರಿಗೆ ರೇಷ್ಮೆ ನೂಲು ತೆಗೆಯುವ ಫಿಲೇಚರ್ ಕೂಡ ಇತ್ತು. ಟ್ರ್ಯಾಕ್ಟರನ್ನು ಮಾತ್ರ ಬೇರೆಯವರ ಕೈಗೆ ಕೊಡದೆ ತಾವೇ ತರುತ್ತಿದ್ದರು. ನನ್ನ ಬೋಳಿಸಿದ ತಲೆಯನ್ನು ನೋಡಿ ಅವರು ಹೆಗಲ ಮೇಲೆ ಕೈ ಇಟ್ಟರು. ಆಮೇಲೆ ಯಜಮಾನರು ಬಾವಿಯೊಳಗೆ ಬಗ್ಗಿ ನೋಡಿ, "ಒಸಿ ನೀರು ಜಿನುಗ್ತಾ ಐತೆ ಕಣಪ್ಪ. ನಿಮ್ಮಣ್ಣನ ಕೈಗುಣ. ಒಂದು ಹತ್ತಡಿ ಇಳುಸ್ಬುಟ್ರೆ ಸಾಕು," ಎಂದರು.

ನಾನು ಹಗ್ಗದ ಏಣಿಯಲ್ಲಿ ಇಳಿದೆ. ತಳದ ತುಂಬ ಒಡೆದ ಕಲ್ಲು. ಒಂದು ಬದಿ ತಗ್ಗಾಗಿತ್ತು, ಅಲ್ಲಿ ಮೊಣಕಾಲಷ್ಟು ಬೂದು ನೀರು ನಿಂತಿತ್ತು. ಇನ್ನೊಂದು ಬದಿ ಎತ್ತರವಾಗಿ ಉಳಿದಿತ್ತು. ಒಂದು ಕಲ್ಲಿನ ಮೇಲೆ ಕೂತೆ. ಜೊತೆಗಾರನೂ ಹಾರೆ ಹಿಡಿದು ಹಿಂದೆಯೇ ಇಳಿದ.

"ಕೂತ್ಕೊಂಡ್ಯೇನ್ಲಾ? ಏಳು. ನೀನು ಕೂತ್ರೆ ನಂಗೂ ಕೂರಂಗಾಯ್ತದೆ."

"ಎಷ್ಟು ಸದ್ದು ಬಂತು ಅವತ್ತು?" ಎಂದು ಕೇಳಿದೆ. ಕೇಳಬೇಕೆಂದು ಕೇಳಿದ್ದಲ್ಲ. ಅಣ್ಣನ ವಿಷಯ ಯಾರಾದರೂ ಮಾತಾಡಲಿ ಎನಿಸಿತ್ತು.

"ಏಳು ಕಣ್ಲಾ. ನಿಮ್ಮಣ್ಣ ಬೆರಳು ಮಡುಸ್ತಿದ್ದ, ನಾನು ಬಾಯಲ್ಲಿ ಎಣುಸ್ತಿದ್ದೆ. ಇಬ್ರುಗೂ ಒಂದೇ ಲೆಕ್ಕ ಬಂತು."

ಹಾಗಾಗಿ ಕಲ್ಲು ಎತ್ತಲು ಶುರು ಮಾಡಿದೆವು. ಜೊತೆಗಾರ ಹಾರೆ ಹಾಕಿ ಎಬ್ಬಿಸುವುದು, ನಾನು ತೊಟ್ಟಿಗೆ ತುಂಬುವುದು. ಮೇಲೆ ಯಜಮಾನರ ಆಳುಗಳು ರಾಟೆ ಎಳೆಯುತ್ತಿದ್ದರು. ತಗ್ಗಿನ ಬದಿಯಿಂದ ಅರ್ಧದಷ್ಟು ಕಲ್ಲು ಮೇಲೆ ಹೋಗಿರಬೇಕು. ಊಟದ ಹೊತ್ತಿಗೆ ಮೇಲೆ ಬಂದು ಬೇವಿನ ಮರದಡಿ ಕೂತೆವು.

ಆಗ ತೋಟದ ಎದುರಿನ ಕೆರೆಯ ಆಚೆ ಇದ್ದ ಕಲ್ಲುಗಣಿಯಲ್ಲಿ ಮದ್ದು ಸಿಡಿಯಿತು. ಜೊತೆಗಾರ ಮುದ್ದೆ ಮುರಿಯುತ್ತಾ, "ಎರಡು," ಎಂದ. ಎಣಿಸುವುದು ನಮ್ಮೆಲ್ಲರಿಗೂ ಚಾಳಿಯಾಗಿತ್ತು. ಎಲ್ಲಿ ಸಿಡಿದರೂ, ಯಾರು ಸಿಡಿಸಿದರೂ ಬಾಯಿ ತಾನಾಗಿ ಎಣಿಸುತ್ತಿತ್ತು.

ನಾನು ಕೆರೆಯ ಕಡೆ ಮುಖ ಮಾಡಿ ಕೂತಿದ್ದೆ. ಎದ್ದದ್ದು ಒಂದೇ ಧೂಳು. ಒಂದೇ ಕಡೆಯಿಂದ ಎದ್ದು ಹರಡಿಕೊಂಡಿತು. ಕಿವಿಗೂ ಎರಡು ಸದ್ದೇ ಬಿದ್ದಿತ್ತು, ಆದರೆ ಎರಡನೆಯದು ಬಂದದ್ದು ನನ್ನ ಬೆನ್ನ ಹಿಂದಿನಿಂದ. ಅಲ್ಲಿದ್ದದ್ದು ಗುಡ್ಡ.

ಇನ್ನೊಮ್ಮೆ ಸಿಡಿಯಲಿ ಎಂದು ಕಾದೆ. ಸ್ವಲ್ಪ ಹೊತ್ತಿಗೆ ಮತ್ತೆ ಸಿಡಿಯಿತು. ಮತ್ತೆ ಒಂದು ಧೂಳು, ಎರಡು ಸದ್ದು. ಮೂರನೆಯ ಸಲ ಮಾತ್ರ ಒಂದೇ ಕೇಳಿಸಿತು. ಗಾಳಿ ತಿರುಗಿತ್ತು ಎಂದು ಕಾಣುತ್ತದೆ. ಗುಡ್ಡ ಒಮ್ಮೆ ಸದ್ದನ್ನು ವಾಪಸು ಕಳಿಸುತ್ತಿತ್ತು, ಒಮ್ಮೆ ಕಳಿಸುತ್ತಿರಲಿಲ್ಲ. ಯಾವಾಗಲೂ ಕಳಿಸಿದ್ದರೆ ಅಣ್ಣನಿಗೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಅಣ್ಣ ಎಣಿಸಿದ ಏಳರಲ್ಲಿ ಒಂದು ಗುಡ್ಡದ ಸದ್ದಾಗಿರಬಹುದಿತ್ತು. ಬೆಳಗಿನಿಂದ ನಾವು ಹಾರೆ ಹಾಕುತ್ತಿದ್ದ ತಳವನ್ನು ನೆನೆದೆ. ಜೊತೆಗಾರನಿಗೆ ಹೇಳಿದಾಗ ಅವನು ತಿನ್ನುವುದನ್ನು ನಿಲ್ಲಿಸಲಿಲ್ಲ, ಆದರೆ ನಿಧಾನವಾದ.

"ನಿಮ್ಮಣ್ಣನ್ಗೆ ಎಣ್ಸಕ್ ಬರಲ್ಲ ಅಂತೀಯೇನ್ಲಾ?"

"ಹಂಗಂದ್ನಾ ನಾನು?"

"ನಂಗೂ ಬರಲ್ಲ ಅಂದಂಗಾಯ್ತಲ್ಲ. ನಾನೂ ಏಳೇ ಎಣ್ಸಿದ್ದು." ತಟ್ಟೆ ತೊಳೆದು ಬಂದು ನನ್ನ ಪಕ್ಕ ಕೂತ. ಆಮೇಲೆ ಹೇಳಿದ: "ಹಾರೆ ಬೆಳಗಿಂದ ಎಷ್ಟು ಸಲ ಹಾಕ್ದೆ ಅಂತ ಎಣ್ಸೇ ಇಲ್ಲ ಕಣ್ಲಾ."

ಅವತ್ತು ಮಧ್ಯಾಹ್ನವೇ ನಾನು ಸಾಹೇಬರಿಗೆ ಕಂಪ್ರೆಸರ್ ವಾಪಸು ಒಯ್ಯಲು ಹೇಳಿದೆ. ತಳವನ್ನು ಪೂರ್ತಿ ಬರಿಗೈಯಲ್ಲಿ ತೆರವು ಮಾಡಿ, ಏಳು ಕುಳಿಗಳ ಗುರುತನ್ನೂ ಕಣ್ಣಾರೆ ನೋಡುವವರೆಗೆ ಜಾಕಾಮರ್ ಇಳಿಸುವುದಿಲ್ಲ ಎಂದೆ. ಸಾಹೇಬರಿಗೆ ಸಿಟ್ಟು ಬಂತು.

"ಅರೇ ತಮ್ಮಾ, ಕನಕಪುರದವರು ದಿನಾ ಆಳು ಕಳಿಸ್ತಾ ಅವ್ರೆ ಮಿಷಿನ್‌ಗೆ. ಇಲ್ಲ ಅಂತ ನಿಂಗೋಸ್ಕರ ಇಟ್ಟಿದೀನಿ. ನಿಮ್ಮಣ್ಣ ಹೇಳಿದ ಮೇಲೆ ಮುಗೀತು. ಅವನ ಮಾತು ನಾನು ಒಂದ್ ದಿನಾನೂ ತಿರುಗಿ ಕೇಳಿಲ್ಲ."

"ನಾನೂ ಕೇಳಿರ್ಲಿಲ್ಲ ಸಾಹೇಬ್ರೇ," ಎಂದೆ.

ಅವರು ಟ್ರ್ಯಾಕ್ಟರ್ ಹತ್ತಿ ಹೋದರು. ಯಜಮಾನರ ಮುಖ ಸಣ್ಣದಾಯಿತು. ಇಷ್ಟು ದಿನ ಕಾದವರಿಗೆ ಇನ್ನಷ್ಟು ಕಾಯಲು ಹೇಳಿದ್ದೆ. ರಾಟೆ ಎಳೆಯುವ ಆಳುಗಳು ಅವರವರೇ ಏನೋ ಮಾತಾಡಿಕೊಂಡರು. ಅಣ್ಣ ಹೋದ ಮೇಲೆ ತಮ್ಮನಿಗೆ ಭಯ ಹಿಡಿದಿದೆ ಎಂದಿರಬೇಕು. ಅದು ಸುಳ್ಳೂ ಆಗಿರಲಿಲ್ಲ.

ಕಷ್ಟವಾದದ್ದು ಮನೆಯಲ್ಲಿ. ಜೊತೆಗಾರನ ಹೆಂಡತಿಯ ಮೂಲಕ ಸುದ್ದಿ ನನಗಿಂತ ಮೊದಲೇ ಬಂದಿತ್ತು. ನಾನು ಕೈಕಾಲು ತೊಳೆಯುತ್ತಿದ್ದಾಗ ಅತ್ತಿಗೆ ಬಾಗಿಲಲ್ಲಿ ನಿಂತರು.

"ಎಣಿಕೆ ತಪ್ಪಾಗೈತೆ ಅಂದ್ಯಂತೆ?"

"ಆಗಿರ್ಬೋದು ಅಂದೆ ಅತ್ಗೆ. ಗುಡ್ಡದ ಸದ್ದು ಸೇರ್ಕೊಂಡಿರ್ಬೋದು."

"ಏಳೂ ಹೊಡುದ್ವು ಅಂದ್ರು. ಇಲ್ಲೇ ನಿಂತ್ಕಂಡು, ಚಪ್ಲಿ ಬಿಡ್ತಾ ಅಂದ್ರು. ಆಮೇಲೆ ಎದೆ ನೋವು ಅಂದಿದ್ದು ಬಿಟ್ರೆ ಬೇರೆ ಮಾತಾಡ್ನಿಲ್ಲ." ಅವರ ದನಿ ಏರಲಿಲ್ಲ. "ಊರೋರೆಲ್ಲ ಬಂದು ನಿಮ್ಮಣ್ಣನ ಕೆಲ್ಸ ಅಂದ್ರೆ ಕೆಲ್ಸ ಅಂತ ಹೇಳೋದ್ರು. ತಿಥಿ ಎಲೆ ಎತ್ತಿ ಒಂದ್ ದಿನ ಆಗಿಲ್ಲ. ನೀನೇ ಹಿಂಗಂದ್ರೆ?"

ಹುಡುಕಿ, ಏಳೂ ಸಿಡಿದಿದ್ದರೆ ಅಣ್ಣನ ಮಾತನ್ನು ಅನುಮಾನಿಸಿದವನಾಗುತ್ತೇನೆ. ಒಂದು ಉಳಿದಿದ್ದರೆ ಅಣ್ಣ ಅವರಿಗೆ ಹೇಳಿದ ಕೊನೆಯ ಮಾತು ತಪ್ಪಾಗುತ್ತದೆ. ಹುಡುಕದೆ ಹೋದರೆ ಜೊತೆಗಾರನನ್ನೂ ಆಳುಗಳನ್ನೂ ಅದರ ಮೇಲೆ ನಿಲ್ಲಿಸಬೇಕಾಗುತ್ತದೆ. ಅತ್ತಿಗೆ ಒಳಗೆ ಹೋಗಿ ಊಟಕ್ಕೆ ಇಟ್ಟರು.

ಬರಿಗೈಯಲ್ಲಿ ಬಾವಿಯ ತಳ ತೆರವು ಮಾಡುವುದು ಎಂಥ ಕೆಲಸ ಎಂದು ಮಾಡಿದವರಿಗೇ ಗೊತ್ತು. ದೊಡ್ಡ ಕಲ್ಲನ್ನು ಮೀಟುವಂತಿಲ್ಲ, ಎಳೆಯುವಂತಿಲ್ಲ. ಸುತ್ತಲಿನ ಚೂರು ತೆಗೆದು, ಅಡಿಗೆ ಹಗ್ಗ ತೂರಿಸಿ, ರಾಟೆಯಿಂದ ನೇರ ಮೇಲಕ್ಕೆ ಎತ್ತಿಸಬೇಕು. ಮೇಲೆ ಎಳೆಯುವಾಗ ನಾವು ಬಾವಿಯ ಗೋಡೆಗೆ ಆನಿಕೊಂಡು ನಿಲ್ಲಬೇಕು. ಒಂದೊಂದು ಕಲ್ಲು ಎದ್ದಾಗಲೂ ಅದರ ಕೆಳಗೆ ಏನಿದೆ ಎಂದು ಬಗ್ಗಿ ನೋಡಬೇಕು. ನೀರನ್ನು ತಗಡಿನ ಡಬ್ಬದಲ್ಲಿ ಮೊಗೆದು, ಕೊನೆಗೆ ಗೋಣಿಚೀಲದಲ್ಲಿ ಹೀರಿಸಿ ಹಿಂಡಿದೆವು. ಬೆರಳ ತುದಿಗಳು ಸುಲಿದುಹೋದವು. ಬೋಳುತಲೆಗೆ ಸುತ್ತಿದ ಟವೆಲ್ ಜಾರಿ ಜಾರಿ ಕಣ್ಣಿನ ಮೇಲೆ ಬೀಳುತ್ತಿತ್ತು. ಒಂದು ದಿನವಲ್ಲ, ಆ ವಾರವೆಲ್ಲ ಹಾಗೆಯೇ ಹೋಯಿತು.

"ನಿಮ್ಮಣ್ಣ ಸತ್ ಮೇಲೂ ನಮ್ಗೆ ಕೆಲ್ಸ ಕೊಡ್ತಾವ್ನೆ ಕಣ್ಲಾ," ಎಂದು ಜೊತೆಗಾರ ಒಮ್ಮೆ ಅಂದ. ನನಗೆ ನಗು ಬಂತು. ಅಣ್ಣ ಹೋದ ಮೇಲೆ ಅದೇ ಮೊದಲು ನಕ್ಕಿದ್ದು. ನಕ್ಕ ಮೇಲೆ ಇನ್ನೂ ಸುಸ್ತಾಯಿತು.

ಮದ್ದು ಸಿಡಿದ ಕುಳಿ ಪೂರ್ತಿ ಮಾಯವಾಗುವುದಿಲ್ಲ. ಉಳಿದ ಬಂಡೆಯ ಮೇಲೆ ಸೀಳಿದ ಬಿದಿರಿನ ಒಳಮೈ ಹಾಗೆ ಅರ್ಧ ಕೊಳವೆಯ ಗುರುತು ಇರುತ್ತದೆ. ನಾನು ಹೊಡೆದಿದ್ದ ಕುಳಿಗಳ ಗುರುತು ಮೊದಲು ಸಿಕ್ಕವು. ಆಮೇಲೆ ಅಣ್ಣ ಹೊಡೆದದ್ದರಲ್ಲಿ ಒಂದು, ಮತ್ತೊಂದು. ಅಲ್ಲಿಗೆ ಆರಾಯಿತು. ಉಳಿದದ್ದು ಎತ್ತರದ ಬದಿ. ಅಲ್ಲಿ ಗೋಡೆಗೆ ಒರಗಿದ ಹಾಗೆ ಒಂದು ಚಪ್ಪಡಿ ಬಿದ್ದಿತ್ತು. ಅದಕ್ಕೆ ಹಗ್ಗ ಕಟ್ಟಿ, ಜೊತೆಗಾರನನ್ನು ಮೇಲೆ ಕಳಿಸಿ, ರಾಟೆಯನ್ನು ಅವನ ಕೈಯಲ್ಲೇ ಎಳೆಸಿದೆ. ಚಪ್ಪಡಿ ಮೆಲ್ಲಗೆ ಎದ್ದು ನನ್ನ ತಲೆಯ ಮಟ್ಟ ದಾಟಿ ಹೋಯಿತು. ಮೇಲಿನವರು ಅದನ್ನು ದಡಕ್ಕೆ ಇಳಿಸಿಕೊಂಡ ಮೇಲೆ ನಾನು ಹತ್ತಿರ ಹೋದೆ.

ಕುಳಿ ಅಲ್ಲಿತ್ತು. ಬಾಯಿ ಮುಚ್ಚಿದ ಹಾಗೆಯೇ ಇತ್ತು. ಬತ್ತಿ ಅರ್ಧಕ್ಕೆ ತುಂಡಾಗಿತ್ತು. ಪಕ್ಕದ ಕುಳಿ ಮೊದಲು ಸಿಡಿದಾಗ ಈ ಚಪ್ಪಡಿ ಬಂದು ಬಿದ್ದು ಕತ್ತರಿಸಿರಬೇಕು. ಚಪ್ಪಡಿಯ ಮರೆಯಲ್ಲಿದ್ದುದರಿಂದ ನೀರು ತಾಗಿರಲಿಲ್ಲ. ಕುಳಿಯ ಬಾಯಿಗೆ ಗಿಡಿದ ಹುತ್ತದ ಮಣ್ಣು ಒಣಗಿ ಗಟ್ಟಿಯಾಗಿತ್ತು. ಅದರ ನಡುವೆ ಅಣ್ಣನ ಹೆಬ್ಬೆರಳು ಒತ್ತಿದ ಗುರುತಿತ್ತು. ಗೆರೆಗಳೂ ಕಾಣುತ್ತಿದ್ದವು.

ಅದನ್ನು ಮುಟ್ಟುವಂತಿಲ್ಲ. ಸಿಡಿಯದ ಕುಳಿಯ ಮಣ್ಣನ್ನು ಕೆರೆಯಬಾರದು, ಬತ್ತಿ ಎಳೆಯಬಾರದು. ನಾನು ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಅದರ ಮುಂದೆ ಕೂತೆ. ಮೇಲಿಂದ ಜೊತೆಗಾರ, "ಏನ್ಲಾ? ಐತೇನ್ಲಾ?" ಎಂದು ಕೂಗಿದ. ಐತೆ ಎಂದೆ.

ಅಂಥ ಕುಳಿಯನ್ನು ತೀರಿಸಲು ಇರುವುದು ಒಂದೇ ದಾರಿ. ಅದರಿಂದ ಸಾಕಷ್ಟು ದೂರ ಬಿಟ್ಟು, ಅದಕ್ಕೆ ಸಮಾನಾಂತರವಾಗಿ ಇನ್ನೊಂದು ಕುಳಿ ಹೊಡೆದು, ಮದ್ದು ಹಾಕಿ ಸಿಡಿಸಬೇಕು; ಆ ಪೆಟ್ಟಿಗೆ ಹಳೆಯದೂ ಸಿಡಿಯುತ್ತದೆ. ಹೇಳಲು ಸುಲಭ. ಹಳೆಯ ಕುಳಿ ಯಾವ ಕಡೆ ವಾಲಿದೆ ಎಂದು ಗೊತ್ತಿಲ್ಲದೆ ಹೊಡೆದರೆ ಬಂಡೆಯ ಒಳಗೆ ಹೊಸ ಕುಳಿ ಹೋಗಿ ಹಳೆಯದನ್ನು ಮುಟ್ಟುತ್ತದೆ. ಮೇಲಿಂದ ಕಾಣುವುದು ಬಾಯಿ ಮಾತ್ರ.

ಯಾರ ಕುಳಿಯೂ ಸರಿಯಾಗಿ ನೆಟ್ಟಗೆ ಇಳಿಯುವುದಿಲ್ಲ. ಹೊಡೆಯುವವನ ಮೈ ಯಾವ ಕಡೆ ಭಾರ ಹಾಕುತ್ತದೋ ಆ ಕಡೆಯಿಂದ ಆಚೆಗೆ ರಾಡು ವಾಲುತ್ತದೆ. ಹಿಂದೊಮ್ಮೆ ಸೋಲೂರಿನ ಕಡೆ ಒಂದು ಬಾವಿಯಲ್ಲಿ ರಾಡು ಸಿಕ್ಕಿಕೊಂಡು ಜಾಕಾಮರ್ ಗಿರ್ರನೆ ತಿರುಗಿ ಅಣ್ಣನ ಎಡಗೈಯನ್ನು ಹೊಡೆದಿತ್ತು. ಆಮೇಲೆ ಅವನ ಎಡ ತೋಳಿಗೆ ಪೂರ್ತಿ ಶಕ್ತಿ ಮರಳಲಿಲ್ಲ. ಬಲ ತೊಡೆಯನ್ನು ಯಂತ್ರಕ್ಕೆ ಒತ್ತಿ ನಿಲ್ಲುತ್ತಿದ್ದ. ಅವನ ಎರಡು ಸಿಡಿದ ಕುಳಿಗಳ ಗುರುತಿಗೆ ನಾನು ನೇರವಾದ ಕಡ್ಡಿ ಇಟ್ಟು ನೋಡಿದೆ. ಎರಡೂ ಒಂದೇ ಕಡೆ, ಒಂದೇ ಅಳತೆಗೆ ವಾಲಿದ್ದವು. ನನ್ನ ಕುಳಿಗಳ ವಾಲು ಹಾಗಿರಲಿಲ್ಲ. ಆ ಕಡ್ಡಿಯನ್ನು ಹಿಡಿದುಕೊಂಡು ಉಳಿದ ಕುಳಿಯ ಬಾಯಿಯ ಹತ್ತಿರ ನಿಂತು, ಅಣ್ಣ ಎಲ್ಲಿ ಕಾಲಿಟ್ಟಿರಬಹುದು, ಯಾವ ಕಡೆ ಮುಖ ಮಾಡಿರಬಹುದು ಎಂದು ಲೆಕ್ಕ ಹಾಕಿದೆ. ಆ ಮೂಲೆಯಲ್ಲಿ ನಿಲ್ಲಲು ಒಂದೇ ಜಾಗವಿತ್ತು. ನಾನು ಅಲ್ಲೇ ನಿಂತು ನೋಡಿದೆ. ಬಲ ತೊಡೆ ಎಲ್ಲಿಗೆ ಬರುತ್ತದೆ ಎಂಬುದು ತಿಳಿಯಿತು.

ಸಂಜೆ ಸಾಹೇಬರ ಫಿಲೇಚರಿಗೆ ಹೋಗಿ ವಿಷಯ ಹೇಳಿದೆ. ಅವರು ಗೂಡು ಬೇಯಿಸುವ ಬಿಸಿನೀರಿನ ಬಾಣಲೆಗಳ ನಡುವೆ ನಿಂತಿದ್ದರು. ಕೇಳಿ, ಟೋಪಿ ತೆಗೆದು, ಮತ್ತೆ ಹಾಕಿಕೊಂಡರು. ಮಾರನೆಯ ಬೆಳಿಗ್ಗೆ ನಾನು ತೋಟಕ್ಕೆ ಹೋಗುವ ಮೊದಲೇ ಟ್ರ್ಯಾಕ್ಟರ್ ಅಲ್ಲಿತ್ತು.

"ಗಾಳಿ ನಾನೇ ಬಿಡ್ತೀನಿ," ಎಂದರು. "ಹುಡುಗರ ಕೈಗೆ ಕೊಡಲ್ಲ ಇವತ್ತು. ನೀನು ಕೈ ಎತ್ತಿದ್ರೆ ಬಿಡೋದು, ಇಳಿಸಿದ್ರೆ ನಿಲ್ಸೋದು. ಮೊನ್ನೆ ನಾನು ಅಂದಿದ್ದು ಮನಸಲ್ಲಿ ಇಟ್ಕೋಬೇಡ ತಮ್ಮಾ."

ರಾಡು ಹಿಡಿಯಲು ಇನ್ನೊಬ್ಬ ಬೇಕಿತ್ತು. ಜೊತೆಗಾರನನ್ನು ನಾನು ಕರೆಯಲಿಲ್ಲ. ಅವನಾಗಿಯೇ ಏಣಿ ಹಿಡಿದ.

"ನೀನು ಮೇಲಿರು," ಎಂದೆ.

"ಅವತ್ತು ಈ ಕುಳಿಗೆ ರಾಡು ಹಿಡ್ದೋನು ನಾನೇ ಅಲ್ವೇನ್ಲಾ? ಅದು ಯಾವ ಕಡೀಕ್ ಹೋಯ್ತಾ ಇತ್ತು ಅಂತ ನಿನ್ಗಿಂತ ನನ್ ಕಾಲಿಗೆ ಗೊತ್ತು." ಅವನು ತೋರಿಸಿದ ದಿಕ್ಕು ಕಡ್ಡಿಯ ದಿಕ್ಕಿಗೆ ಸರಿಹೋಯಿತು. ಸರಿಹೋಗದಿದ್ದರೆ ಆ ದಿನ ನಾನು ಹೊಡೆಯುತ್ತಿರಲಿಲ್ಲ.

ಮೊದಲು ಬಾಯಿ ಹಿಡಿಸುವುದು. ಗಾಳಿಯನ್ನು ಕಡಿಮೆ ಬಿಡಿಸಿ, ಜೊತೆಗಾರ ರಾಡಿನ ತುದಿಗೆ ಪಾದ ಒತ್ತಿ ನಿಂತು, ಮೆಲ್ಲಗೆ ಬಂಡೆ ಕಚ್ಚಿಸಿದೆವು. ಅದು ಕಚ್ಚಿದ ಮೇಲೆ ಅವನನ್ನು ಮೇಲೆ ಕಳಿಸಿದೆ. ಪೂರ್ತಿ ಗಾಳಿ ಬಂದಾಗ ಜಾಕಾಮರ್ ಎಂದಿನಂತೆ ಮೈಯೆಲ್ಲ ನಡುಗಿಸಿತು. ಬಾವಿಯೊಳಗೆ ಆ ಸದ್ದು ಸುತ್ತಲೂ ಬಡಿದು ತಲೆಯ ಒಳಗೇ ಹುಟ್ಟಿದಂತೆ ಇರುತ್ತದೆ, ಬೇರೆ ಏನೂ ಕೇಳಿಸುವುದಿಲ್ಲ, ಯೋಚನೆಯೂ ಬರುವುದಿಲ್ಲ. ಸ್ವಲ್ಪ ಇಳಿಯುವುದು, ನಿಲ್ಲಿಸುವುದು, ರಾಡು ಎತ್ತಿ ಕುಳಿಯೊಳಗೆ ಕಡ್ಡಿ ಬಿಟ್ಟು ವಾಲು ನೋಡುವುದು, ಮತ್ತೆ ಇಳಿಸುವುದು. ಪ್ರತಿ ಸಲ ಕೈ ಎತ್ತಿದಾಗಲೂ ದಡದ ಮೇಲೆ ಸಾಹೇಬರ ಟೋಪಿ ಅಲ್ಲಾಡುವುದು ಕಾಣುತ್ತಿತ್ತು. ಕಲ್ಲಿನ ಬಿಳಿ ಹಿಟ್ಟು ಹಾರಿ ಅಣ್ಣನ ಕುಳಿಯ ಬಾಯಿಯ ಮೇಲೂ ಕೂತಿತು. ಹೆಬ್ಬೆರಳಿನ ಗುರುತು ಮುಚ್ಚಿಹೋಯಿತು.

ಮುಗಿಸಿ ಮೇಲೆ ಬಂದಾಗ ಕೈಗಳು ಯಂತ್ರ ಬಿಟ್ಟ ಮೇಲೂ ನಡುಗುತ್ತಿದ್ದವು. ಯಜಮಾನರು ತಾವೇ ನೀರಿನ ಚೊಂಬು ತಂದು ನನ್ನ ಬಾಯಿಗೆ ಹಿಡಿದರು.

ಮದ್ದು ತುಂಬಿ ಬತ್ತಿ ಹಚ್ಚಿದೆ. ಎಲ್ಲರೂ ಬೇವಿನ ಮರದ ಆಚೆ ನಿಂತೆವು. ಬಾವಿ ಗುದ್ದಿತು, ಕಾಲಡಿಯ ನೆಲ ಅದುರಿತು. ಕ್ಷಣ ಬಿಟ್ಟು ಗುಡ್ಡವೂ ಗುದ್ದಿತು. ಅದು ಒಂದೋ ಎರಡೋ ಹೇಳಲಾಗುತ್ತಿರಲಿಲ್ಲ. ಜೊತೆಗಾರನ ತುಟಿ ಅಲ್ಲಾಡಿತು, ಆದರೆ ಅವನು ಏನೂ ಎಣಿಸಲಿಲ್ಲ.

ಬೆಳಿಗ್ಗೆ ಒಬ್ಬನೇ ಇಳಿದೆ. ಕಲ್ಲನ್ನು ಮತ್ತೆ ಕೈಯಲ್ಲೇ ತೆಗೆದೆ. ಎರಡು ಅರ್ಧ ಕೊಳವೆಗಳು ಪಕ್ಕಪಕ್ಕದಲ್ಲಿ, ಒಂದೇ ಕಡೆ ವಾಲಿಕೊಂಡು ಕಾಣಿಸಿದವು. ಒಂದು ಅಣ್ಣನದು, ಒಂದು ನನ್ನದು. ನೋಡಿ, ಅಂಗೈಯಿಂದ ಒರೆಸಿ, ಮೇಲೆ ಬಂದೆ. ಸಾಹೇಬರಿಗೆ ಕನಕಪುರಕ್ಕೆ ಮಿಷಿನ್ ಕೊಟ್ಟು ಬನ್ನಿ, ನನಗೆ ಎರಡು ದಿನ ಮಲಗಬೇಕು ಎಂದೆ.

ಮನೆಯಲ್ಲಿ ಅತ್ತಿಗೆ ನನಗೆ ಬಡಿಸಲು ಕೂತರು. ಎದುರು ಕೂರುವುದು ನನಗೆ ಕಷ್ಟವಾಗಿತ್ತು. ಅವರೇ ಕೇಳಿದರು.

"ಎಷ್ಟು ಸಿಡುದಿತ್ತು?"

"ಆರು ಅತ್ಗೆ. ಒಂದು ಉಳ್ಕೊಂಡಿತ್ತು. ನಿನ್ನೆ ತೀರಿಸ್ದೆ."

"ಯಾರು ಹೊಡ್ದಿದ್ದು?"

"ಅಣ್ಣನ್ದು."

ಅವರು ಸಾರಿನ ಸೌಟನ್ನು ಪಾತ್ರೆಯೊಳಗೆ ಇಟ್ಟರು. ಹೊರಗೆ ಯಾರೋ ಎತ್ತಿಗೆ ಗದರಿಸುತ್ತಾ ಹೋದರು.

"ಅವ್ರು ಇದ್ದಿದ್ರೆ ಮಾರನೆ ದಿನ ಇಬ್ರೂ ಇಳೀತಿದ್ರಿ."

"ಹೂಂ."

"ಏಳೂ ಹೊಡುದ್ವು ಅಂತ ನಂಬ್ಕೊಂಡು."

"ಹೂಂ ಅತ್ಗೆ."

"ಮಿಷಿನ್ ಯಾರು ಹಿಡೀತಿದ್ರಿ?"

"ಅಣ್ಣ. ಅವತ್ತು ಅವ್ನ ಸರದಿ. ನಾನು ರಾಡು ಹಿಡೀತಿದ್ದೆ."

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ.

"ನಿಮ್ಮಣ್ಣ ಹಾಸ್ಗೇಲಿ ಹೋದ್ರು," ಎಂದರು. "ಒಂದೇ ತುಂಡಾಗಿ ಸಿಕ್ಕುದ್ರು ನಂಗೆ. ತಲೆ ತೊಡೆ ಮೇಲೆ ಇಟ್ಕೊಳಕಾಯ್ತು. ನೀನು ಇಲ್ಲಿ ಕೂತು ಉಣ್ತಾ ಇದೀಯ."

ಅವರು ಸೌಟು ತೆಗೆದುಕೊಂಡು ನನ್ನ ಮುದ್ದೆಯ ಮೇಲೆ ಸಾರು ಬಿಟ್ಟರು. ತಟ್ಟೆಯನ್ನು ನನ್ನ ಹತ್ತಿರಕ್ಕೆ ತಳ್ಳಿದರು.

"ಇನ್ಮೇಲೆ ಎಣುಸ್ಬೇಡ ಕಣಪ್ಪ," ಎಂದರು. "ಇಳಿದು ನೋಡು."